ಹೆತ್ತವರ ಸಹಿಯೊಂದೇ ಸಾಲದು

ಹದಿಹರೆಯದವರ ಮಾನಸಿಕ ಆರೋಗ್ಯದ ಬಗ್ಗೆ ಅಧ್ಯಯನಗಳು ನಡೆಯಲೇಬೇಕು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿದ ಬೆಂಗಳೂರಿನ ನಿಮ್ಹಾನ್ಸ್, 13ರಿಂದ 17 ವರ್ಷದವರಲ್ಲಿ ಶೇ. 7.3 ಮಂದಿಗೆ ಮಾನಸಿಕ ತೊಂದರೆ ಇದೆಯೆಂದು ತಿಳಿಸಿತ್ತು. ಚಿಕಿತ್ಸೆಗೆ ಬಂದ ಮಕ್ಕಳು ಅದನ್ನು ಅರ್ಧಕ್ಕೇ ಬಿಡುವುದೇಕೆ ಎಂಬುದನ್ನು ಅವರಿಂದಲೇ ಕೇಳಿ ತಿಳಿಯಬೇಕು. ಆದರೆ ಹೇಗೆ ಕೇಳಬೇಕು?

ಕಲಬುರಗಿ ನಗರವನ್ನೂ ಅದೇ ಜಿಲ್ಲೆಯ ಕಮಲಾಪುರವನ್ನೂ ಉದಾಹರಣೆಯಾಗಿ ನೋಡೋಣ. ನಗರದ ದೊಡ್ಡ ಆಸ್ಪತ್ರೆಯ ಜನಸಂದಣಿಯಲ್ಲಿ ಯಾರು ಯಾವ ವೈದ್ಯರನ್ನು ಕಾಣಲು ಬಂದರೆಂದು ಯಾರೂ ಗಮನಿಸುವುದಿಲ್ಲ. ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಸಣ್ಣ ತಾಲೂಕು ಕೇಂದ್ರ. ವರದಿಯಲ್ಲಿ ಹೆಸರು ಬಿಟ್ಟು, 'ಕಮಲಾಪುರದ 16 ವರ್ಷದ ಹುಡುಗಿ, ತಂದೆ ಬಸ್ ಚಾಲಕ' ಎಂದಷ್ಟೇ ಬರೆದರೂ ಊರವರು ಗುರುತಿಸಿಯಾರು. ಶಾಲೆಯಲ್ಲಿ ಗೇಲಿ, ಮುಂದೆ ಮದುವೆಯ ಮಾತಿಗೆ ಅಡ್ಡಿ, ಇವನ್ನೆಲ್ಲ ಅನುಭವಿಸುವವಳು ಆ ಹುಡುಗಿಯೇ ಹೊರತು ಸಂಶೋಧಕರಲ್ಲ.

ನಿಯಮಗಳೇನೋ ಇವೆ. ಮಕ್ಕಳ ಕುರಿತ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಹೆತ್ತವರ ಒಪ್ಪಿಗೆಯ ಜೊತೆಗೆ 12 ದಾಟಿದ ಮಕ್ಕಳ ಲಿಖಿತ ಸಮ್ಮತಿಯೂ ಬೇಕು. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಬರೀ ಸಂದರ್ಶನಕ್ಕೂ ಮುಕ್ತ, ತಿಳಿದು ಕೊಟ್ಟ ಒಪ್ಪಿಗೆ ಬೇಕೆನ್ನುತ್ತದೆ.

ಆದರೆ ಔಷಧಿ ಕೊಡುವ ವೈದ್ಯರೇ ಅರ್ಜಿ ಮುಂದಿಟ್ಟರೆ 'ಒಲ್ಲೆ' ಎನ್ನುವ ಧೈರ್ಯ ಎಷ್ಟು ಮಕ್ಕಳಿಗಿದೆ? ಆದುದರಿಂದ ಚಿಕಿತ್ಸೆ ನೀಡುವವರು ಬೇರೆ, ಒಪ್ಪಿಗೆ ಕೇಳುವವರು ಬೇರೆ ಆಗಿರಬೇಕು. ನಿರಾಕರಿಸಿದರೂ ಚಿಕಿತ್ಸೆ ನಿಲ್ಲದೆಂದು ಮೊದಲೇ ಹೇಳಬೇಕು. ಅದನ್ನೂ ಕಚೇರಿ ಕನ್ನಡದಲ್ಲಲ್ಲ. ಮನೆಮಾತು ಉರ್ದುವಾಗಲಿ ಲಂಬಾಣಿಯಾಗಲಿ, ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು.

ಇನ್ನೊಂದು ಎಚ್ಚರಿಕೆ. 'ಯಾರಿಗೂ ಹೇಳುವುದಿಲ್ಲ' ಎಂದು ಮಾತು ಕೊಡುವಂತಿಲ್ಲ. ಮಗು ಲೈಂಗಿಕ ದೌರ್ಜನ್ಯವನ್ನು ತಿಳಿಸಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ. ಸಾಯುವ ಯೋಚನೆ ಹೇಳಿಕೊಂಡರೆ ಸಹಾಯ ಒದಗಿಸಲೇಬೇಕು. ಈ ಮಿತಿಯನ್ನು ಮಾತು ಶುರುವಾಗುವ ಮೊದಲೇ ತಿಳಿಸದಿದ್ದರೆ ಅದು ನಂಬಿಕೆದ್ರೋಹ. ಹಳೆಯ ನೋವು ಕೆದಕಿದ ಮೇಲೆ ಮಗುವನ್ನು ಹಾಗೆಯೇ ಮನೆಗೆ ಕಳುಹಿಸಬಾರದು. ಆಪ್ತಸಲಹೆಗಾರರು ಹತ್ತಿರವಿರಬೇಕು, ಟೆಲಿ-ಮಾನಸ್ ಸಹಾಯವಾಣಿ 14416 ಸಂಖ್ಯೆಯನ್ನೂ ಕೊಡಬೇಕು.

ಪ್ರಬಂಧಕ್ಕಾಗಿ ಮಕ್ಕಳನ್ನು ಮಾತನಾಡಿಸುವ ವಿದ್ಯಾರ್ಥಿಗಳು ನಮ್ಮ ಕರಾವಳಿಯ ಕಾಲೇಜುಗಳಲ್ಲೂ ಇದ್ದಾರೆ. ಅವರಲ್ಲೂ ಅವರ ಮಾರ್ಗದರ್ಶಕರಲ್ಲೂ ನಮ್ಮ ಕೋರಿಕೆ ಇಷ್ಟೆ: ಪ್ರಶ್ನಾವಳಿ ಹಿಡಿದು ಹೊರಡುವ ಮುನ್ನ, ಎದುರು ಕೂರುವ ಮಗು ನಮ್ಮದೇ ಮನೆಯದಾಗಿದ್ದರೆ ಇದನ್ನೇ ಹೀಗೆಯೇ ಕೇಳುತ್ತಿದ್ದೆವೇ ಎಂದು ಯೋಚಿಸಲಿ.