ಕೇಡಗಾಂವದ ಕರಡುಪುಟಗಳು

ಕಾಲವು ದೇವರು ಒಪ್ಪಿಸಿದ ನಿಕ್ಷೇಪ, ಅದಕ್ಕೆ ಲೆಕ್ಕ ಒಪ್ಪಿಸತಕ್ಕದ್ದು ಎಂಬ ಕ್ರೈಸ್ತಭಾವನೆಯನ್ನು ಪುಣೆಯ ಸಮೀಪದ ಕೇಡಗಾಂವದಲ್ಲಿ ಬಾಳಿ ತೋರಿಸಿದವರು, ನಮ್ಮ ಕರ್ನಾಟಕದ ಗಂಗಾಮೂಲದಲ್ಲಿ 1858ರಲ್ಲಿ ಜನಿಸಿ, 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಪಂಡಿತಾ ರಮಾಬಾಯಿಯವರು. ಅಲ್ಲಿ ಅವರು ನಡೆಸಿದ ಆಶ್ರಮಕ್ಕೆ ಕ್ಷಾಮದಿಂದ ಕಂಗೆಟ್ಟು ಬಂದ ಬಾಲೆಯರಿಗೂ ವಿಧವೆಯರಿಗೂ ಅನ್ನ, ವಸತಿ, ವಿದ್ಯೆಗಳು ಮೊದಲು. ಗ್ರಂಥವ್ಯವಸಾಯ ಅನಂತರ, ಅದೂ ಅವರಿಗಾಗಿಯೇ. ಕಲ್ಕತ್ತೆಯ ವಿದ್ವಾಂಸರಿಂದ ‘ಸರಸ್ವತಿ’ ಎನಿಸಿಕೊಂಡ ಈ ಸಂಸ್ಕೃತಜ್ಞೆಯು, ಹಳ್ಳಿಯ ಹೆಣ್ಣುಮಗಳಿಗೂ ಅರ್ಥವಾಗುವ ಸರಳ ಮರಾಠಿಯಲ್ಲಿ ಬೈಬಲ್ಲನ್ನು ಅನುವಾದಿಸಬೇಕೆಂದು (ಪಂಡಿತರಿಗೆ ಇದಕ್ಕಿಂತ ಕಠಿನವಾದ ತಪಸ್ಸು ಬೇರೊಂದಿಲ್ಲ) ಹೀಬ್ರೂ, ಗ್ರೀಕ್ ಭಾಷೆಗಳನ್ನು ಅಭ್ಯಸಿಸಿ, ಆಶ್ರಮದ ಹೆಂಗಸರ ಕೈಯಿಂದಲೇ ಅಚ್ಚುಮೊಳೆ ಜೋಡಣೆ ಮಾಡಿಸಿದರು. 1921ರಲ್ಲಿ ಏಕಮಾತ್ರ ಪುತ್ರಿ ಮನೋರಮೆ ತೀರಿಕೊಂಡ ಮೇಲೂ ಕರಡು ತಿದ್ದುವ ಕೆಲಸ ನಿಲ್ಲಲಿಲ್ಲ; 1922ರ ಏಪ್ರಿಲಿನಲ್ಲಿ ತಾವೇ ದೇಹವಿಡುವ ಮುನ್ನ ಅದನ್ನು ಮುಗಿಸಿಯೇ ಹೋದರು.