ಪರೀಕ್ಷೆ ಮಸ್ಕತ್‌ಗೆ ಹೋಯಿತು, ಸೀಟು ಯಾರಿಗೆ?

ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು ಹೊರದೇಶಗಳಲ್ಲಿ ನಡೆಸುವುದು ಉಳ್ಳವರಿಗೆ ಮಾಡುವ ಉಪಕಾರವೆಂದು ನಮ್ಮ ಶರಣ ಬಂಧುಗಳಲ್ಲಿ ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ.

2020ರಲ್ಲಿ, ಕೊರೊನಾ ಕಾಲದಲ್ಲಿ, ಕೊಲ್ಲಿ ದೇಶಗಳ ಪಾಲಕರು ಅಲ್ಲಿಯೇ ಕೇಂದ್ರ ಬೇಕೆಂದು ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟು ಒಪ್ಪಲಿಲ್ಲ, ಮಕ್ಕಳು ವಂದೇ ಭಾರತ್ ವಿಮಾನಗಳಲ್ಲಿ ಬರಲು ಅನುವು ಮಾಡಿಕೊಡಿ ಎಂದಿತು. 2021ರಲ್ಲಿ ಕುವೈತ್ ಮತ್ತು ದುಬೈನಲ್ಲಿ ಕೇಂದ್ರ ತೆರೆದವು, ಮರುವರ್ಷ ಹೊರದೇಶದ 14 ನಗರಗಳಾದವು. 2024ರ ಮೊದಲ ಪಟ್ಟಿಯಲ್ಲಿ ಒಂದೂ ಇರಲಿಲ್ಲ. ಪಾಲಕರು ಕೂಗೆಬ್ಬಿಸಿದ ಮೇಲೆ ಹದಿನಾಲ್ಕೂ ಮರಳಿದವು. ಶುಲ್ಕವೂ ಪುಕ್ಕಟೆಯಲ್ಲ. ಇಲ್ಲಿ ಸಾಮಾನ್ಯ ವರ್ಗಕ್ಕೆ 1,700 ರೂಪಾಯಿ, ಅಲ್ಲಿ 9,500.

ಅಲ್ಲಿ ಬರೆಯುವವರೆಲ್ಲ ಕೋಟ್ಯಧೀಶರ ಮಕ್ಕಳೂ ಅಲ್ಲ. ಕೂಲಿಗೆ ಹೋದವರಿಗೆ ಕುಟುಂಬ ಕರೆಸಿಕೊಳ್ಳುವಷ್ಟು ಸಂಬಳವಿರುವುದಿಲ್ಲ. ಅವರ ಮಕ್ಕಳು ಕಲಬುರಗಿಯಲ್ಲೋ ರಾಯಚೂರಿನಲ್ಲೋ ಬರೆಯುತ್ತಾರೆ. ಮಸ್ಕತ್‌ನಲ್ಲಿ ಬರೆಯುವವರಲ್ಲಿ ನರ್ಸ್, ಲೆಕ್ಕಿಗ, ತಂತ್ರಜ್ಞರ ಮಕ್ಕಳಿದ್ದಾರೆ. ಕರ್ನಾಟಕದ ಸರ್ಕಾರಿ ಕೋಟಾಕ್ಕೆ ಸಾಮಾನ್ಯವಾಗಿ ಇಲ್ಲಿ ಏಳು ವರ್ಷ ಓದಿರಬೇಕು. ಅಲ್ಲೇ ಓದಿ ಬೆಳೆದ ಮಗುವಿಗೆ ಆ ಬಾಗಿಲು ಬಹುತೇಕ ಮುಚ್ಚಿದೆ. ಉಳಿದದ್ದು ಅಖಿಲ ಭಾರತ ಕೋಟಾ, ಇಲ್ಲವೇ ಹಣದ ಸೀಟು.

ನಾವು ಕೇಳಬೇಕಾದ ಪ್ರಶ್ನೆ ಇರುವುದು ಈ ಹಣದ ಸೀಟಿನಲ್ಲಿ. ಖಾಸಗಿ ಕಾಲೇಜುಗಳಲ್ಲಿ 15%ವರೆಗೆ ಅನಿವಾಸಿ ಕೋಟಾ ಇರಬಹುದೆಂದು 2005ರ ಇನಾಂದಾರ್ ತೀರ್ಪು ಹೇಳಿತು. ಇದಕ್ಕೂ ನೀಟ್ ಅರ್ಹತೆ ಬೇಕು ನಿಜ, ಆದರೆ ಪೈಪೋಟಿ ಆ ಶುಲ್ಕ ಕಟ್ಟಬಲ್ಲವರ ನಡುವೆ ಮಾತ್ರ. ಮಸ್ಕತ್‌ನ ನರ್ಸಮ್ಮನಿಗೆ ಅದು ಎಟುಕುವುದೇ? ಕೋಟಾಕ್ಕೆ ಅವಳ ಹೆಸರು, ಸೀಟು ಇನ್ನೊಬ್ಬರಿಗೆ! ದೂರದ ನೆಂಟರನ್ನೂ ಅನಿವಾಸಿಗಳ ಲೆಕ್ಕಕ್ಕೆ ಸೇರಿಸಲು ಹೊರಟ ಪಂಜಾಬ್ ಸರ್ಕಾರಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇದು ವಂಚನೆಯೆಂದೇ ಹೇಳಿತು. ಕಾಮಗಾರಿಯ ಅಳತೆ ಪುಸ್ತಕದಲ್ಲಿ ಒಬ್ಬ ಗುತ್ತಿಗೆದಾರನಿಗೆ ಒಂದು ಟೇಪು, ಇನ್ನೊಬ್ಬನಿಗೆ ಇನ್ನೊಂದು ಟೇಪು ಹಿಡಿದರೆ ಆಡಿಟ್‌ನವರು ಬಿಡುತ್ತಿರಲಿಲ್ಲ.

ಇದು ನಮಗೇಕೆ? ಏಕೆಂದರೆ ನಾಡಿನ ಹಲವು ವೈದ್ಯಕೀಯ ಕಾಲೇಜುಗಳು ನಮ್ಮ ಮಠಗಳವು, ನಮ್ಮ ಸಂಘಗಳವು. ಬಡ ಹುಡುಗರಿಗೆ ಉಚಿತ ಪ್ರಸಾದನಿಲಯ ತೆರೆದ ಮಠಗಳ ಪರಂಪರೆ ನಮ್ಮದು. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಕಟ್ಟಿದ ಏಳು ಮಂದಿ ಹಣವಂತರಲ್ಲ, ಶಿಕ್ಷಕರು. ಕಟ್ಟಡ, ಯಂತ್ರ, ಸಂಬಳಕ್ಕೆ ಹಣ ಬೇಕೆಂಬುದು ನನಗೂ ಗೊತ್ತು. ಅನಿವಾಸಿ ಸೀಟನ್ನು ಪೂರ್ತಿ ಬಿಡಿ ಎನ್ನುತ್ತಿಲ್ಲ. ಆ ಸೀಟು ನಿಜವಾದ ಅನಿವಾಸಿಗಳ ಮಕ್ಕಳಿಗೇ ಹೋಗಲಿ. ಅದರಿಂದ ಬಂದ ಹಣದಲ್ಲಿ ಒಂದು ನಿಗದಿತ ಪಾಲು ಪ್ರಸಾದನಿಲಯದಿಂದ ನೀಟ್ ಪಾಸಾದ ಮಕ್ಕಳ ಶುಲ್ಕಕ್ಕೆ ದಾಸೋಹವಾಗಿ ಸಲ್ಲಲಿ. ಯಾವ ರ‍್ಯಾಂಕಿಗೆ, ಎಷ್ಟು ಶುಲ್ಕಕ್ಕೆ ಸೀಟು ಹೋಯಿತು, ಎಷ್ಟು ದಾಸೋಹಕ್ಕೆ ಬಂತು ಎಂಬ ಪಟ್ಟಿಯನ್ನು ಬರುವ ಸಾಲಿನಿಂದಲೇ ನಮ್ಮ ಸಂಸ್ಥೆಗಳು ಹೊರಗಿಡಲಿ. ಈ ಪತ್ರಿಕೆಗೆ ಕಳುಹಿಸಿದರೆ ಸಂಪಾದಕರು ಒಂದು ಪುಟ ಬಿಟ್ಟುಕೊಡುತ್ತಾರೆಂದು ನಂಬಿದ್ದೇನೆ.