ತಗ್ಗಿಗೂ ಒಬ್ಬ ಮಾಲೀಕ ಇರ್ತಾನ

ಕಳೆದ ಕಬ್ಬಿನ ಹಂಗಾಮಿನಲ್ಲಿ ನಮ್ಮ ಕಾಕಾನ ಮಗ ಗೋಕಾಕದಿಂದ ಸಂಜೆ ಊರಿಗೆ ಬರ್ತಿದ್ದ. ನಮ್ಮೂರು ಮೂಡಲಗಿ ತಾಲೂಕಿನದು. ಎದುರಿಗೆ ಎರಡು ಡಬ್ಬಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್, ಒಂದೇ ಲೈಟು. ಇವನು ಸೈಡಿಗೆ ತಗೊಂಡ. ಸೈಡಿನಲ್ಲಿ ಡಾಂಬರು ಮುಗಿದು ಅರ್ಧ ಮೊಣಕಾಲು ಆಳದ ತಗ್ಗು, ಹೊಲದಿಂದ ಹರಿದು ಬಂದ ನೀರು ತುಂಬಿಕೊಂಡು ರಸ್ತೆಯ ಹಾಗೇ ಕಾಣುತ್ತಿತ್ತು. ಬಿದ್ದ. ಬಲ ಮುಂಗೈ ಮುರಿಯಿತು, ಹೆಗಲಿನ ಮೂಳೆಯೂ ಮುರಿಯಿತು. ಹೆಲ್ಮೆಟ್ ಹಾಕಿದ್ದ, ತಲೆ ಉಳಿಯಿತು. ಟ್ರ್ಯಾಕ್ಟರಿನವನಿಗೆ ಗೊತ್ತೂ ಆಗಲಿಲ್ಲ, ಅವನ ಟೇಪ್ ರೆಕಾರ್ಡರ್ ಸೌಂಡು ನಿಮಗೆಲ್ಲ ಗೊತ್ತಿರುವುದೇ.

ಆಸ್ಪತ್ರೆಯಲ್ಲಿ ಹೆಸರು ಬರೆಸುವಾಗ ಕೇಳಿದರು, "ಹೆಂಗಾತ್ರಿ?" ಕಾಕಾ ಹೇಳಿದ, "ತಾನಾ ಬಿದ್ದಾನ್ರಿ." ಚೀಟಿಯಲ್ಲಿ ಬರೆದರು: ಸೆಲ್ಫ್ ಫಾಲ್.

ಕಾಕಾ ಸುಳ್ಳು ಹೇಳಲಿಲ್ಲ. ಯಾರೂ ಗುದ್ದಿರಲಿಲ್ಲ. ಪೊಲೀಸ್ ಸ್ಟೇಷನ್ನಿಗೆ ಹೋದರೆ ಹುಡುಗನ ಮೇಲೇ ಅಜಾಗರೂಕ ಚಾಲನೆ ಕೇಸು ಬೀಳುತ್ತದೆ ಅಂತ ಯಾರೋ ಹೆದರಿಸಿದ್ದರು. ಆದರೆ ಆ ಎರಡು ಪದ ಬರೆದ ಕ್ಷಣ ಆ ತಗ್ಗು ಇಡೀ ಪ್ರಕರಣದಿಂದ ಹೊರಗೆ ಹೋಯಿತು. ಪ್ಲೇಟು ಹಾಕಿಸಿದ ಬಿಲ್ಲಿಗೆ ಒಂದು ಎಮ್ಮೆ ಮತ್ತು ಕಾರ್ಖಾನೆಯಿಂದ ಬರಬೇಕಿದ್ದ ಕಬ್ಬಿನ ಬಿಲ್ಲಿನ ಮೇಲೆ ತಂದ ಕೈಸಾಲ ಹೋಯಿತು. ಡಿಪ್ಲೊಮಾ ಓದುವ ಹುಡುಗ, ಬಲಗೈಯಲ್ಲಿ ಬರೆಯುವವನು, ಒಂದು ಸೆಮಿಸ್ಟರ್ ಹೋಯಿತು. ಇದರಲ್ಲಿ ಒಂದು ರೂಪಾಯಿಯನ್ನಾದರೂ ಯಾರಾದರೂ ಕೊಡಬೇಕಲ್ಲ ಅಂತ ನಾನು ಹುಡುಕಲು ಶುರು ಮಾಡಿದೆ. ಸಿಕ್ಕಿದ್ದನ್ನ ಇಲ್ಲಿ ಬರೀತೀನಿ. ನಮ್ಮ ಕಾಲೇಜಿನ ಅರ್ಧ ಹುಡುಗರು ಶನಿವಾರ ಸಂಜೆ ಗಾಡಿ ಮೇಲೆ ಇದೇ ರಸ್ತೆಗಳಲ್ಲಿ ಊರಿಗೆ ಹೋಗುವವರು.

ಮೊದಲು ವಿಮೆ. ಥರ್ಡ್ ಪಾರ್ಟಿ ವಿಮೆ ಹೆಸರೇ ಹೇಳುವ ಹಾಗೆ ಮೂರನೆಯವರಿಗೆ. ಇನ್ನೊಂದು ವಾಹನದ ತಪ್ಪಿದ್ದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ತಗ್ಗಿಗೆ ನಂಬರ್ ಪ್ಲೇಟು ಇಲ್ಲ, ಪಾಲಿಸಿಯೂ ಇಲ್ಲ. ಇನ್ನು ಮಾಲೀಕ-ಚಾಲಕನಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಕಡ್ಡಾಯ ಇದೆ, ಆದರೆ ಅದು ಸಾವಿಗೆ, ಕೈಕಾಲು ಅಥವಾ ಕಣ್ಣು ಹೋದದ್ದಕ್ಕೆ, ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ. ಮುರಿದು ಕೂಡಿಕೊಳ್ಳುವ ಮೂಳೆಗೆ ಅಲ್ಲ. ಅದೂ ಮಾಲೀಕನಿಗೆ. ನಮ್ಮ ಹುಡುಗ ಓಡಿಸುತ್ತಿದ್ದದ್ದು ಗೆಳೆಯನ ಗಾಡಿ.

ಗೆಳೆಯನ ಗಾಡಿ ಅಂದದ್ದಕ್ಕೆ ಒಂದು ಮಾತು. 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಒಂದು ಪ್ರಕರಣ ನಮ್ಮ ಕಡೆಯದೇ. ಇಳಕಲ್ಲಿನಿಂದ ಗುಡೂರಿಗೆ ಬೇರೆಯವರ ಮೋಟಾರ್ ಸೈಕಲ್ ಕೇಳಿ ತಗೊಂಡು ಹೊರಟವನು, ಮುಂದೆ ಕಬ್ಬಿಣದ ತಗಡು ಹೇರಿಕೊಂಡು ಹೋಗುತ್ತಿದ್ದ ಚಕ್ಕಡಿ ಏಕಾಏಕಿ ನಿಂತು ಅದಕ್ಕೆ ಬಡಿದು ಸತ್ತ. ಗಾಡಿ ಕೇಳಿ ತಗೊಂಡವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ಹಾಗಾಗಿ ತಪ್ಪು ಯಾರದೆಂದು ಸಾಬೀತು ಮಾಡದೆ ಆಗ ಸಿಗುತ್ತಿದ್ದ 163ಎ ಕಲಮಿನ ಪರಿಹಾರ ಅವನ ಮನೆಯವರಿಗೆ ಸಿಗದು ಎಂದಿತು ಕೋರ್ಟು. ಹಾಸ್ಟೆಲಿನಲ್ಲಿ ಕೀಲಿ ಎಸೆದು "ತಗೊಂಡು ಹೋಗಲೇ" ಅನ್ನುವ ಮುಂಚೆ ಇದು ನೆನಪಿರಲಿ.

ಹಿಟ್ ಅಂಡ್ ರನ್ ಆದರೆ 2022ರ ಏಪ್ರಿಲ್‌ನಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಸಿಗುತ್ತದೆ. ಗುದ್ದಿ ಓಡಿಹೋದವನಿಗೆ ಸರ್ಕಾರದಲ್ಲಿ ಲೆಕ್ಕ ಇದೆ. ಗುದ್ದದೆ ಅಲ್ಲೇ ಬಿದ್ದಿರುವ ತಗ್ಗಿಗೆ ಇಲ್ಲ. 2025ರ ಮೇ ತಿಂಗಳಿನಿಂದ ಕೇಂದ್ರದ ನಗದುರಹಿತ ಚಿಕಿತ್ಸೆ ಯೋಜನೆ ಬಂದಿದೆ: ಅಪಘಾತವಾದ ದಿನದಿಂದ 7 ದಿನ, ಒಂದೂವರೆ ಲಕ್ಷದವರೆಗೆ, ನಿಗದಿತ ಆಸ್ಪತ್ರೆಗಳಲ್ಲಿ. ಇದು ಮೋಟಾರು ವಾಹನದ ಅಪಘಾತಕ್ಕೆ, ಯಾರ ತಪ್ಪು ಅಂತ ಕೇಳುವುದಿಲ್ಲ. ಆದರೆ ಪೊಲೀಸರ ದೃಢೀಕರಣ ಬೇಕು. ನಾವು ಸ್ಟೇಷನ್ನಿಗೇ ಹೋಗಿರಲಿಲ್ಲವಲ್ಲ.

ಈಗ ಸೈಕಲ್ಲಿನವರ ಪಾಡು ನೋಡಿ. ಮೋಟಾರು ವಾಹನವೇ ಇಲ್ಲ, ಹಾಗಾಗಿ ಇದ್ಯಾವುದೂ ಇಲ್ಲ. 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರವೇ ಸೈಕಲ್ ಕೊಟ್ಟಿತು. ನನ್ನ ಅಕ್ಕ ಅದರಲ್ಲೇ ಹೈಸ್ಕೂಲು ಮುಗಿಸಿದಳು. ಸರ್ಕಾರದ ಸೈಕಲ್ ಮೇಲೆ ಸರ್ಕಾರದ ರಸ್ತೆಯಲ್ಲಿ ಸರ್ಕಾರದ ಶಾಲೆಗೆ ಹೊರಟ ಹುಡುಗಿ ತಗ್ಗಿನಲ್ಲಿ ಬಿದ್ದು ಹಲ್ಲು ಮುರಿದುಕೊಂಡರೆ, ಅದು ಅವಳ ಹಣೆಬರಹ.

ಇದನ್ನ ಎಲ್ಲ ಕಡೆ ಹೀಗೆ ನೋಡುವುದಿಲ್ಲ. ಬೆಂಗಳೂರಿನ ರಸ್ತೆಗುಂಡಿಗಳ ಬಗ್ಗೆ 2015ರಲ್ಲಿ ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ನಮ್ಮ ಹೈಕೋರ್ಟು 2019ರ ಜುಲೈನಲ್ಲಿ ಒಂದು ಆದೇಶ ಕೊಟ್ಟಿತು. ಸರಿಯಾದ ರಸ್ತೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ, ಗುಂಡಿಯಿಂದ ಗಾಯಗೊಂಡವರ ಪರಿಹಾರದ ಅರ್ಜಿಗಳನ್ನು ಬಿಬಿಎಂಪಿ ಸ್ವೀಕರಿಸಬೇಕು, ಹಾಗಂತ ಜನರಿಗೆ ಪ್ರಚಾರವನ್ನೂ ಮಾಡಬೇಕು ಎಂದಿತು. ಪಾಲಿಕೆ ಜಗ್ಗಾಡಿತು, ಸಿವಿಲ್ ದಾವೆ ಹಾಕಿಕೊಳ್ಳಲಿ ಅಂದಿತು, ಕೊನೆಗೆ ನಿಯಮ ಮಾಡಿತು. ಮೊತ್ತ ದೊಡ್ಡದಲ್ಲ, ಸಾವಿಗೇ 3 ಲಕ್ಷ. ಆದರೆ ಅರ್ಜಿ ಕೊಡಲು ಒಂದು ಟೇಬಲ್ಲು ಇದೆ.

ಬೆಂಗಳೂರಿನವರು ಗುಂಡಿ ಅಂತಾರೆ, ನಾವು ತಗ್ಗು ಅಂತೀವಿ. ಗುಂಡಿಗೆ ಬೆಲೆ ಇದೆ, ತಗ್ಗಿಗೆ ಇಲ್ಲ. 21ನೇ ವಿಧಿ ನೆಲಮಂಗಲ ದಾಟಿದ ಮೇಲೆ ಬೇರೆ ಆಗುತ್ತದೆಯೇ?

ಆ ಕಡೆ ನೋಡಿದರೆ ಇನ್ನೂ ಹೊಟ್ಟೆ ಉರಿಯುತ್ತದೆ. 2025ರ ಅಕ್ಟೋಬರ್ 13ರಂದು ಬಾಂಬೆ ಹೈಕೋರ್ಟು ರಸ್ತೆಗುಂಡಿ, ತೆರೆದ ಮ್ಯಾನ್‌ಹೋಲುಗಳ ಪ್ರಕರಣದಲ್ಲಿ ಸಾವಿಗೆ 6 ಲಕ್ಷ, ಗಾಯಕ್ಕೆ 50 ಸಾವಿರದಿಂದ ಎರಡೂವರೆ ಲಕ್ಷದವರೆಗೆ ಪರಿಹಾರ ನಿಗದಿ ಮಾಡಿತು. ಪರಿಹಾರ ನಿರ್ಧರಿಸುವ ಸಮಿತಿಯಲ್ಲಿ ಸ್ಥಳೀಯ ಸಂಸ್ಥೆಯ ಮುಖ್ಯ ಅಧಿಕಾರಿಯ ಜೊತೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿ ಇರಬೇಕು, ಕೊಟ್ಟ ಹಣವನ್ನು ತಪ್ಪು ಮಾಡಿದ ಗುತ್ತಿಗೆದಾರ ಅಥವಾ ಅಧಿಕಾರಿಯಿಂದ ವಸೂಲು ಮಾಡಬೇಕು ಎಂದಿತು. ಹುಕ್ಕೇರಿ ತಾಲೂಕಿನ ಸಂಕೇಶ್ವರದಿಂದ ಗಡಹಿಂಗ್ಲಜಕ್ಕೆ ಹೋಗುವ ಬಸ್ಸಿನಲ್ಲಿ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಆ ಹೈಕೋರ್ಟಿನ ಸೀಮೆ ಬರುತ್ತದೆ. ಗಡಿ ವಿಚಾರಕ್ಕೆ ವರ್ಷಕ್ಕೊಮ್ಮೆ ಬಸ್ಸಿಗೆ ಮಸಿ ಬಳಿಯುವ ಎರಡೂ ಕಡೆಯ ಶೂರರು ಇಂಥದ್ದರಲ್ಲಿ ಪೈಪೋಟಿ ಮಾಡಿದರೆ ನಾನೂ ಧ್ವಜ ಹಿಡೀತೀನಿ.

ನಮ್ಮ ಶಾಸನದಲ್ಲಿ ಏನೂ ಇಲ್ಲ ಅಂತಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 198ಎ ಕಲಮು ಸೇರಿಸಿದರು: ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಪ್ರಾಧಿಕಾರ, ಗುತ್ತಿಗೆದಾರ, ಸಲಹಾ ಇಂಜಿನಿಯರಿಗೆ 1 ಲಕ್ಷದವರೆಗೆ ದಂಡ. ಆ ದಂಡ ಹೋಗುವುದು ಅಪಘಾತ ನಿಧಿಗೆ, ಬಿದ್ದವನ ಕೈಗಲ್ಲ. ಆದರೂ ಸಿವಿಲ್ ವಿಭಾಗದ ಗೆಳೆಯರು ಆ ಕಲಮನ್ನು ಒಮ್ಮೆ ಓದಿಕೊಳ್ಳಿ, ನಾಳೆ ಸಹಿ ಹಾಕುವವರು ನೀವೇ.

ಬಿದ್ದವನಿಗೆ ಉಳಿಯುವುದು ಎರಡು ದಾರಿ. ಧಾರವಾಡ ಪೀಠದಲ್ಲಿ ರಿಟ್ ಅರ್ಜಿ, ಇಲ್ಲವೇ ನಿರ್ಲಕ್ಷ್ಯದ ಆಧಾರದ ಮೇಲೆ ಊರಿನ ಸಿವಿಲ್ ಕೋರ್ಟಿನಲ್ಲಿ ದಾವೆ. ದಾವೆಗೆ ಮುಂಚೆ ಸರ್ಕಾರಕ್ಕೆ 2 ತಿಂಗಳ ನೋಟಿಸು ಕೊಡಬೇಕು. ಸರ್ಕಾರಿ ಕರ್ತವ್ಯದ ಲೋಪಕ್ಕೆ ಕಾಲಮಿತಿ ಒಂದೇ ವರ್ಷ ಎಂಬ ವಾದ ಎದುರಿನವರಿಂದ ಬರಬಹುದಾದ್ದರಿಂದ ವರ್ಷದೊಳಗೇ ಹಾಕುವುದು ಲೇಸು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕಡಿಮೆ ಆದಾಯದವರಿಗೆ ತಾಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರು ಉಚಿತವಾಗಿ ಸಿಗುತ್ತಾರೆ.

ಗೆಲ್ಲುತ್ತೀವಾ? ಎರಡು ಹಳೆಯ ತೀರ್ಪುಗಳು ಎರಡು ದಿಕ್ಕಿಗೆ ಎಳೆಯುತ್ತವೆ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಬಿದ್ದು ಜನ ಸತ್ತಾಗ 1966ರಲ್ಲಿ ಸುಪ್ರೀಂ ಕೋರ್ಟು ಪಾಲಿಕೆಯನ್ನೇ ಹೊಣೆ ಮಾಡಿತು. ಗೋಪುರಕ್ಕೆ 80 ವರ್ಷ, ಅದರ ಗಾರೆಯ ಆಯುಸ್ಸು 40-45 ವರ್ಷ ಅಂತ ಸಾಕ್ಷಿ ಹೇಳಿದ್ದು ಇಂಜಿನಿಯರು. ಆದರೆ 1997ರಲ್ಲಿ ರಾಜಕೋಟದಲ್ಲಿ ರಸ್ತೆಬದಿಯ ಮರ ಬಿದ್ದು ಪಾದಚಾರಿ ಸತ್ತ ಪ್ರಕರಣದಲ್ಲಿ ಪಾಲಿಕೆ ಹೊಣೆಯಲ್ಲ ಎಂದಿತು. ನನಗೆ ಕಾಣುವ ಹಾಗೆ ತಗ್ಗು ಮರಕ್ಕಿಂತ ಗೋಪುರಕ್ಕೆ ಹತ್ತಿರ. ಮರ ಒಳಗೆ ಟೊಳ್ಳಾಗಿರುವುದು ಕಾಣದಿರಬಹುದು. ತಗ್ಗು ಒಂದೇ ರಾತ್ರಿಯಲ್ಲಿ ಬೀಳುವುದಿಲ್ಲ, ತಿಂಗಳುಗಟ್ಟಲೆ ಎಲ್ಲರಿಗೂ ಕಾಣುತ್ತಾ ಬೆಳೆಯುತ್ತದೆ.

ಹೇಗೆ ಬೆಳೆಯುತ್ತದೆ ಅಂತ ನಮಗೆ ಪಾಠದಲ್ಲೇ ಇದೆ. ಘಟಪ್ರಭಾ ಕಾಲುವೆಯ ನೀರು ಬಂದ ಮೇಲೆ ನಮ್ಮ ಎರೆ ಹೊಲಗಳೆಲ್ಲ ಕಬ್ಬು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಮೇಲಿನ ಡಾಂಬರು ಅದರ ಜೊತೆ ಏಳುತ್ತಾ ಬೀಳುತ್ತಾ ಸೀಳುತ್ತದೆ. ಸೀಳಿನಲ್ಲಿ ನೀರು, ಅದರ ಮೇಲೆ ಎರಡು ಡಬ್ಬಿಯ ಟ್ರ್ಯಾಕ್ಟರು. ಅಚ್ಚಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಹಾನಿ ಸುಮಾರು ಹದಿನಾರು ಪಟ್ಟು, ಅದೇ ನಾಲ್ಕನೇ ಘಾತದ ಲೆಕ್ಕ. ಮತ್ತೆ, ಮನೆಯ ಮಾತು ಹೊರಗೆ ಹೇಳಬೇಕು: ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಲು ರಸ್ತೆಬದಿಯ ಗಟಾರು ಮುಚ್ಚಿದವರು ನಾವೇ. ನಮ್ಮ ಕಾಕಾನೂ ಮುಚ್ಚಿದಾನ. ಇದನ್ನ ಅವನ ಮುಂದೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಂದ್ರ ಇಲಾಖೆಯವ್ರು ಬಂದು ತಗೀ ಅಂತ ನೋಟಿಸ್ ಕೊಡಬೇಕಿತ್ತಲ್ಲೋ ತಮ್ಮಾ" ಅಂದ. ಅದೂ ಹೌದು.

ಇಂಗ್ಲೆಂಡಿನಲ್ಲಿ 1980ರ ಹೆದ್ದಾರಿ ಕಾಯ್ದೆ ಈ ಜಗಳವನ್ನ ಚೆಂದಾಗಿ ಬಗೆಹರಿಸಿದೆ. ರಸ್ತೆ ದುರಸ್ತಿಯಲ್ಲಿಡುವುದು ಪ್ರಾಧಿಕಾರದ ಕರ್ತವ್ಯ; ಬಿದ್ದವನು ಕೇಳಿದಾಗ, ತಾನು ತಕ್ಕ ಎಚ್ಚರ ವಹಿಸಿದ್ದೆ ಅಂತ ಪ್ರಾಧಿಕಾರವೇ ತೋರಿಸಬೇಕು. ಅಂದರೆ ಯಾವ ತಾರೀಖಿಗೆ ಯಾರು ಬಂದು ರಸ್ತೆ ನೋಡಿದರು ಎಂಬ ವಹಿ ತೆಗೆದಿಡಬೇಕು. ನಮ್ಮಲ್ಲಿ ಆ ವಹಿ ಎಲ್ಲಿದೆ ಅಂತ ಕೇಳಿದೆ.

ಕೇಳುವುದು ಅಂದರೆ ಮಾಹಿತಿ ಹಕ್ಕಿನ ಅರ್ಜಿ. 10 ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಆದರೆ ಯಾರಿಗೆ ಕೊಡೋದು? ನಗರಸಭೆ, ಪುರಸಭೆಯ ರಸ್ತೆ ಬೇರೆ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯರಸ್ತೆ ಲೋಕೋಪಯೋಗಿಯದು. ಹಳ್ಳಿ ರಸ್ತೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ್ದು. ಕಾಲುವೆ ದಂಡೆಯದು ನೀರಾವರಿ ನಿಗಮದ್ದು. ಸಂಕೇಶ್ವರ, ಯಮಕನಮರಡಿ ಮೇಲೆ ಹಾಯುವ 48ನೇ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಐದು ವರ್ಷ ನಿರ್ವಹಣೆ ಗುತ್ತಿಗೆದಾರನದೇ, ಬೋರ್ಡಿನಲ್ಲಿ ತಾರೀಖೂ ಇರುತ್ತದೆ. ನಮ್ಮ ತಗ್ಗಿನ ಹತ್ತಿರ ಬೋರ್ಡಿನ ಕಂಬ ಮಾತ್ರ ಇತ್ತು. ನಾನು ಒಂದು ಕಚೇರಿಗೆ ಕೊಟ್ಟೆ. ಅವರು ಇದು ನಮ್ಮದಲ್ಲ ಅಂತ ಇನ್ನೊಂದಕ್ಕೆ ಕಳಿಸಿದರು. ಆ ಇನ್ನೊಬ್ಬರು ಮೊದಲಿನವರಿಗೇ ವಾಪಸ್ಸು ಕಳಿಸಿದರು. ಎರಡೂ ಪತ್ರ ನನ್ನ ಹತ್ತಿರ ಇವೆ, ಎರಡಕ್ಕೂ ಗೋಲ ಶಿಕ್ಕಾ ಇದೆ.

"ಹುಡುಗರು ಜೋರ್ ಹೊಡೀತಾರ, ಬೀಳ್ತಾರ, ರೊಕ್ಕಾ ಕೇಳ್ತಾರ" ಅಂತ ಅನ್ನುವವರೂ ಇದ್ದಾರೆ, ನಮ್ಮ ಹಾಸ್ಟೆಲಿನಲ್ಲೇ ಒಬ್ಬ ಅಂದ. ಜೋರು ಹೊಡೆಯುವವರು ಇದ್ದಾರೆ, ಒಪ್ಪಿದೆ. ಬಿದ್ದವನ ತಪ್ಪಿದ್ದರೆ ಅಷ್ಟು ಪಾಲು ಪರಿಹಾರ ಕಡಿಯಲಿ, ಕಾನೂನು ಹಾಗೇ ಮಾಡುತ್ತದೆ. ಆದರೆ 2022ರಲ್ಲಿ ರಸ್ತೆಗುಂಡಿಗಳಿಂದ ದೇಶದಲ್ಲಿ 1,856 ಜನ ಸತ್ತರು ಅಂತ ಹೇಳಿದ್ದು ಕೇಂದ್ರ ಸಾರಿಗೆ ಸಚಿವಾಲಯವೇ. ನಮ್ಮ ಹುಡುಗನ ಹಾಗೆ "ಸೆಲ್ಫ್ ಫಾಲ್" ಆದವರು ಯಾವ ಲೆಕ್ಕದಲ್ಲಿ ಬರುತ್ತಾರೆ? ತಗ್ಗು ಅಂತ ಬರೆಸದಿದ್ದರೆ ಲೆಕ್ಕದಲ್ಲಿ ತಗ್ಗೇ ಇರುವುದಿಲ್ಲ, ಲೆಕ್ಕದಲ್ಲಿ ಇಲ್ಲದ್ದಕ್ಕೆ ದುಡ್ಡು ಮಂಜೂರಾಗುವುದಿಲ್ಲ.

ಅದಕ್ಕೆ ನನ್ನ ಬೇಡಿಕೆ ದೊಡ್ಡದೇನಲ್ಲ. ಬೆಂಗಳೂರಿಗೆ ಇರುವ ಪರಿಹಾರದ ನಿಯಮ ಗೋಕಾಕ ನಗರಸಭೆಗೂ, ಹುಕ್ಕೇರಿ, ಮೂಡಲಗಿ ಪುರಸಭೆಗಳಿಗೂ, ಹಳ್ಳಿ ರಸ್ತೆಗೂ ಬರಲಿ, ಸೈಕಲ್ಲಿನವರನ್ನೂ ಸೇರಿಸಿ. ಅರ್ಜಿ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೊಡುವ ಹಾಗಿರಲಿ. ರಸ್ತೆ ಯಾರದು ಅಂತ ಹುಡುಕುವುದು ಮುರಿದ ಕೈಯವನ ಕೆಲಸ ಆಗಬಾರದು. ಅಲ್ಲಿಯವರೆಗೆ ಯಾರಾದರೂ ಬಿದ್ದರೆ 112ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ "ರಸ್ತೆಯ ತಗ್ಗಿನಲ್ಲಿ ಬಿದ್ದು" ಅಂತಲೇ ಬರೆಸಿ, ಜಾಗದ ಹೆಸರು ಸಮೇತ. ಮರುದಿನವೇ ಹೋಗಿ ಟೇಪು ಹಿಡಿದು ಉದ್ದ, ಅಗಲ, ಆಳ ಅಳೆದು, ಲೊಕೇಶನ್ ಬರುವ ಹಾಗೆ ಫೋಟೋ ತೆಗೆಯಿರಿ. ಸರ್ವೇ ಪ್ರ್ಯಾಕ್ಟಿಕಲ್‌ಗೆ ಕಾಲೇಜಿನ ಅಂಗಳವನ್ನೇ ಎಷ್ಟು ಸಲ ಅಳೆಯೋದು.

ಮರುದಿನವೇ ಅಂದದ್ದಕ್ಕೆ ಕಾರಣ ಇದೆ. ನಾನು ಅಳೆಯಲು ಹೋಗಿದ್ದು ಹತ್ತೊಂಬತ್ತನೇ ದಿನಕ್ಕೆ. ಊರ ಜಾತ್ರೆ ಹತ್ತಿರ ಬಂದಿತ್ತು, ತಗ್ಗಿಗೆ ಎರಡು ಬುಟ್ಟಿ ಗರಸು ಸುರಿದು ಹೋಗಿದ್ದರು. ಹಾಕಿದವರು ಯಾರು ಅಂತ ಹೊಲದಲ್ಲಿದ್ದವರನ್ನ ಕೇಳಿದೆ. ಗೊತ್ತಿಲ್ಲ ಅಂದರು. ಮೊನ್ನೆ ಕಾಕಾ ಫೋನ್ ಮಾಡಿದ್ದ, ಆ ಗರಸೂ ಹೋಗಿ ತಗ್ಗು ಮತ್ತೆ ಬಾಯಿ ತೆರೆದಿದೆಯಂತೆ. ಈ ಶನಿವಾರ ಟೇಪು ತಗೊಂಡು ಹೋಗ್ತಿದೀನಿ.